ಗಾಜಿನ ಪೆಟ್ಟಿಗೆಯಲ್ಲಿ ಸುಳಿಗಾಳಿ ಎಬ್ಬಿಸಿದವರು

ನಮ್ಮ ಸೈನ್ಸ್ ಮಾಸ್ಟ್ರ ಬಾಯಲ್ಲಿ ಹೊಗಳಿಕೆಯ ಮಾತನ್ನು ನಾನು ಕೇಳಿದ್ದು ಒಂದೇ ಸಲ. ಅದು ಹುಡುಗರಿಗೂ ಅಲ್ಲ, ನಮ್ಮಂಥ ಮಾಸ್ಟ್ರುಗಳಿಗೂ ಅಲ್ಲ. ಬೇಸಿಗೆಯ ಒಂದು ಸುಳಿಗಾಳಿಗೆ. ಕೊಯ್ಲು ಮುಗಿದ ಗದ್ದೆಯ ನಡುವೆ ಅದು ತೆಂಗಿನಮರದಷ್ಟು ಎತ್ತರಕ್ಕೆ ಎದ್ದು, ಹುಲ್ಲುಕಡ್ಡಿ ತರಗೆಲೆಗಳನ್ನೆಲ್ಲ ಹೊತ್ತುಕೊಂಡು ಎರಡು ಗದ್ದೆ ದಾಟಿ ಹೋಯಿತು. ಅವರು ತಲೆಯ ಟೋಪಿ ತೆಗೆದು, "ಶಾಭಾಸ್!" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವ್ ಎಂತಕೆ ಬಾಯ್ ಕಳ್ಕಂಡ್ ನಿಂತದ್? ಮಣ್ಣ್ ಹೋತ್ತ್, ಮುಚ್ಚಿ" ಎಂದರು.

ಈಗ ಅವರು ತೀರಿಕೊಂಡಿದ್ದಾರೆ. ಹಳೇ ವಿದ್ಯಾರ್ಥಿಗಳು ಸೇರಿ ನೆನಪಿನ ಸಂಚಿಕೆಯೊಂದನ್ನು ತರುತ್ತಾರಂತೆ. 'ತಾವು ಅವರ ಜೊತೆ ಕೆಲಸ ಮಾಡಿದವರು, ಎರಡು ಒಳ್ಳೆಯ ಮಾತು ಬರೆದು ಕಳಿಸಬೇಕು' ಎಂದು ನನಗೆ ಕಾಗದ ಬಂದಿದೆ. ಎರಡು ಎಲ್ಲಿಂದ ತರಲಿ? ಒಂದಕ್ಕೇ ನಾನು ವಾರದಿಂದ ತಡಕಾಡುತ್ತಿದ್ದೇನೆ. ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದು ಎನ್ನುವವರಿದ್ದಾರೆ. ನಮ್ಮ ಸೈನ್ಸ್ ಮಾಸ್ಟ್ರಿಗೆ ಆ ಹಂಗೇ ಇರಲಿಲ್ಲ. ನಮ್ಮ ಹಿಂದಿನ ಹೆಡ್‌ಮಾಸ್ಟ್ರು ಹೋದ ದಿನ ನಾವೆಲ್ಲ ತಲೆತಗ್ಗಿಸಿ ಕೂತಿದ್ದಾಗ, "ಒಂದ್ ಕುರ್ಚಿ ಖಾಲಿ ಆಯ್ತ್. ಅದ್ ಬಿಟ್ರೆ ಶಾಲಿಗ್ ಎಂತ ವ್ಯತ್ಯಾಸ ಇಲ್ಲೆ" ಎಂದು ಚಾಕ್ ಪೀಸು ಎತ್ತಿಕೊಂಡು ಕ್ಲಾಸಿಗೆ ನಡೆದವರು ಅವರು.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಕುಂದಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರು. ಕೆಲಸ ಖಾಯಂ ಅಲ್ಲ. ಪ್ರತಿ ಬೇಸಿಗೆಗೆ ಹೆಡ್‌ಮಾಸ್ಟ್ರ ಮುಂದೆ ಕೈಕಟ್ಟಿ ನಿಂತು ಇನ್ನೊಂದು ವರ್ಷ ಕೇಳಿಕೊಳ್ಳಬೇಕು. ಸೈನ್ಸ್ ಮಾಸ್ಟ್ರು ಬ್ರಹ್ಮಾವರದ ಕಡೆಯವರು, ಹೆಂಡತಿ ಸತ್ತಿದ್ದಳು, ಮಕ್ಕಳಿಲ್ಲ. ಶಾಲೆಯ ಹಿಂದಿನ ಒಂದು ಕೋಣೆಯಲ್ಲಿ ತಾವೇ ಗಂಜಿ ಬೇಯಿಸಿಕೊಂಡು ಇದ್ದರು. ಕಡ್ಡಿಯಂಥ ಆಳು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಅದರ ಮೇಲೆ ಒಂದು ಖಾಕಿ ಕೋಟು. ಆ ಕೋಟಿನ ಜೇಬಿನಲ್ಲಿ ಥರ್ಮಾಮೀಟರು, ಊದುಬತ್ತಿ, ದಾರದ ಉಂಡೆ, ಮೋಟು ಪೆನ್ಸಿಲು ಸದಾ ಇರುತ್ತಿದ್ದವು.

ಹುಡುಗರು ಅವರಿಗೆ ನಡುಗುತ್ತಿದ್ದರು. ನಡುಗಬೇಕು ಎಂಬುದೇ ಅವರ ಸಿದ್ಧಾಂತ. "ನೆಲ ಬಿಸಿ ಆಗ್ದೆ ಗಾಳಿ ಏಳುದಿಲ್ಲೆ. ಇವ್ರೂ ಹಾಂಗೆ. ಬುಡಕ್ಕ್ ಬಿಸಿ ಮುಟ್ಸ್ಕ್" ಎನ್ನುತ್ತಿದ್ದರು. ಬಿಸಿಯಾದ ಗಾಳಿ ಮೇಲೇರುತ್ತದೆ ಎಂಬ ಪಾಠವನ್ನು ಬೇರೆಯವರು ಬೋರ್ಡಿನ ಮೇಲೆ ಬರೆದು ಮುಗಿಸುತ್ತಾರೆ. ಇವರು ಕೆಂಡದ ಮೇಲೆ ಕಬ್ಬಿಣದ ತಗಡು ಇಟ್ಟು, ಹಿಂದಿನ ಬೆಂಚಿನ ಒಬ್ಬನನ್ನು ಕರೆದು ಅಂಗೈಯನ್ನು ತಗಡಿನ ಮೇಲೆ ಹಿಡಿಸುತ್ತಿದ್ದರು. "ಏರಿತ್ತಾ?" "ಇಲ್ಲೆ ಸಾರ್." "ಈಗ?" "ಏರಿತ್ತ್ ಸಾರ್, ಏರಿತ್ತ್!" ಹುಡುಗ ಕೈಯನ್ನು ಬಾಯಿಗಿಟ್ಟು ಊದಿಕೊಳ್ಳುತ್ತಾ ಬೆಂಚಿಗೆ ಓಡುವಾಗ ಕ್ಲಾಸಿನ ಉಳಿದವರು ನಗುತ್ತಿದ್ದರು. ನಗದಿದ್ದರೆ ಮುಂದಿನ ಸರದಿ ಅವರದು.

ಸುಳಿಗಾಳಿ ಯಾಕೆ ಅಷ್ಟು ಜೋರಾಗಿ ಸುತ್ತುತ್ತದೆ ಎಂಬುದನ್ನೂ ಅವರು ಹೀಗೇ ಕಲಿಸಿದರು. ದಾರದ ತುದಿಗೆ ಒಂದು ಕಲ್ಲು ಕಟ್ಟಿ ಗಿರಗಿರನೆ ತಿರುಗಿಸಿ, ದಾರ ಬೆರಳಿಗೆ ಸುತ್ತಿಕೊಳ್ಳುವಂತೆ ಬಿಟ್ಟರು. ದಾರ ಗಿಡ್ಡವಾದ ಹಾಗೆಲ್ಲ ಕಲ್ಲು ಸುತ್ತುವುದು ಜೋರಾಯಿತು. ದೂರದಿಂದ ನಿಧಾನವಾಗಿ ಸುತ್ತುತ್ತಾ ಬಂದ ಗಾಳಿ ಬಿಸಿ ನೆಲದ ನಡುವಿಗೆ ಎಳೆಯಲ್ಪಟ್ಟಾಗ ಆಗುವುದೂ ಇಷ್ಟೇ, ವೃತ್ತ ಚಿಕ್ಕದಾದಷ್ಟೂ ಸುತ್ತು ಚುರುಕು ಎಂದರು. ಎಷ್ಟು ಚೆಂದದ ವಿವರಣೆ! ಆದರೆ ಕಲ್ಲು ಮುಂದಿನ ಬೆಂಚಿನವನ ಕಿವಿಗೆ ಬಡಿಯುವಷ್ಟು ಹತ್ತಿರ ಹೋಗಿ ನಿಂತು ತಿರುಗಿಸದೆ ಅವರಿಗೆ ಸಮಾಧಾನವಿರಲಿಲ್ಲ.

ನಾನು ಅವರ ಬಲೆಗೆ ಬಿದ್ದದ್ದು ಆ ಗಾಜಿನ ಪೆಟ್ಟಿಗೆಯಿಂದ. ಒಂದು ದಿನ ಸ್ಟಾಫ್ ರೂಮಿನಲ್ಲಿ, "ಹ್ವಾಯ್ ಡ್ರಾಯಿಂಗ್ ಮಾಸ್ಟ್ರೆ, ನಿಮ್ಮಿಂದ ಏನಾರೂ ಉಪಯೋಗ ಇತ್ತಾ ಕಾಂಬ, ಬನ್ನಿ" ಎಂದು ಕರೆದುಕೊಂಡು ಹೋದರು. ಒಡೆದ ಕಪಾಟಿನ ಗಾಜುಗಳನ್ನು ಜೋಡಿಸಿ ಎದೆಯೆತ್ತರದ ಪೆಟ್ಟಿಗೆ ಮಾಡಿದ್ದರು. ತಳಕ್ಕೆ ಕಬ್ಬಿಣದ ತಗಡು, ಅದರ ಕೆಳಗೆ ಕೆಂಡ. ಸ್ಪಿರಿಟ್ಟಿಗೂ ಸೀಮೆಎಣ್ಣೆಗೂ ಆಗ ತತ್ವಾರ. ಮೇಲೆ ತಗಡಿನ ಹೊಗೆಕೊಳವೆ. ನಾಲ್ಕೂ ಗಾಜುಗಳು ಮೂಲೆಯಲ್ಲಿ ಕೂಡಿಕೊಳ್ಳದೆ, ಒಂದೊಂದು ಬದಿಗೆ ಎರಡು ಬೆರಳು ಸಂದು ಬಿಟ್ಟು ಓರೆಯಾಗಿ ನಿಂತಿದ್ದವು. ಮೊದಲು ಸಂದುಗಳನ್ನು ಬಟ್ಟೆಯಿಂದ ಮುಚ್ಚಿ ಊದುಬತ್ತಿ ಇಟ್ಟರು. ಹೊಗೆ ಎದ್ದು ಅಲ್ಲಿ ಇಲ್ಲಿ ತೂರಾಡಿ ಮೇಲೆ ಹೋಯಿತು. ಆಮೇಲೆ ಬಟ್ಟೆ ತೆಗೆದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮತ್ತೆ ತಗಡಿನ ಮೇಲೆ ಹರಡಿದ್ದ ಬೂದಿ ಅಲುಗಿತು. ಹೊಗೆ ನಡುವಿಗೆ ಬಂದು ಸೇರಿಕೊಂಡು, ಸಣ್ಣಗೆ ನೆಟ್ಟಗೆ ಎದ್ದು ನಿಂತು, ತಿರುಗತೊಡಗಿತು. ಬೂದಿ ಅದರೊಳಗೆ ಸುತ್ತುತ್ತಾ ಏರಿತು. ಈ ಮನುಷ್ಯನನ್ನು ಅಷ್ಟು ದ್ವೇಷಿಸುತ್ತಿದ್ದ ನಾನು ಆ ಹೊತ್ತು ಅವರ ಕಾಲು ಮುಟ್ಟಿಬಿಡುತ್ತಿದ್ದೆನೇನೋ.

"ಬಿಸಿ ಒಂದೇ ಸಾಲ್ದ್. ತಿರುವು ಬೇಕ್" ಎಂದರು. "ಅದ್ನ ಬರೀನಿ. ಚೆಂದ ಮಾಡುಕ್ ಹೋಪ್ದ್ ಬ್ಯಾಡ, ಕಂಡದ್ ಬರೀನಿ."

ಅಂದಿನಿಂದ ನಾನು ಅವರ ಚಿತ್ರಗಾರ. ಬಾಣಲೆಯಲ್ಲಿ ತೆಂಗಿನೆಣ್ಣೆ ಹಾಕಿ, ಅಭ್ರಕದ ಪುಡಿ ಉದುರಿಸಿ, ಹದವಾಗಿ ಕಾಯಿಸಿದರೆ ಎಣ್ಣೆಯ ಮೇಲೆ ಜೇನುಹುಟ್ಟಿನ ಹಾಗೆ ಮನೆಮನೆಗಳು ಮೂಡುತ್ತವೆ. ನಡುವೆ ಬಿಸಿ ಎಣ್ಣೆ ಏರುತ್ತದೆ, ಅಂಚಿನಲ್ಲಿ ತಣಿದದ್ದು ಇಳಿಯುತ್ತದೆ. ಬೇಸಿಗೆಯ ಗದ್ದೆಯ ಮೇಲಿನ ಗಾಳಿಯೂ ಹೀಗೇ ಏರಿ ಇಳಿಯುತ್ತಾ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ ಎಂದು ಅವರು ಹೇಳಿದಾಗ, ನಾನು ನಿಂತ ನೆಲವೇ ಬೇರೆಯಾಗಿ ಕಂಡಿತು. ಎಣ್ಣೆ ನನ್ನ ಮನೆಯದು. ರೇಶನ್ನಿನ ಕಾಲದಲ್ಲಿ ಹಬ್ಬಕ್ಕೆಂದು ಹೆಂಡತಿ ಎತ್ತಿಟ್ಟಿದ್ದನ್ನು ಕದ್ದು ಕೊಟ್ಟೆ. "ನಿಮ್ಮ ಹೆಂಡ್ತಿಗೆ ಗೊತ್ತಾದ್ರೆ ನನ್ನ ಹೆಸ್ರ್ ಹೇಳ್ಬೇಡಿ, ಬೈಸ್ಕಂಬುಕೆ ನೀವೇ ಸಾಕ್" ಎಂದರು.

ರಜೆಯ ದಿನ ನಾವು ಹಟ್ಟಿಯಂಗಡಿ ಕಡೆಯ ಬೈಲಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಒಂಬತ್ತರಿಂದ, ಕಡಲಗಾಳಿ ಬೀಸತೊಡಗುವ ತನಕ ಅಲ್ಲಿ ಸುಳಿಗಾಳಿ ಏಳುತ್ತಿತ್ತು. ಊರವರು ಅದನ್ನು ಕಂಡರೆ ಮಕ್ಕಳನ್ನು ಒಳಗೆ ಎಳೆದುಕೊಂಡು, ಥೂ ಥೂ ಎಂದು ಉಗಿದು ದಾರಿ ಬಿಡುತ್ತಿದ್ದರು. ಗಾಳಿ ಸೋಕಿದರೆ ಜ್ವರ ಹಿಡಿಯುತ್ತದೆಂದು ಅವರ ಹೆದರಿಕೆ. ಇವರು ಕೊಡೆ ಮಡಿಸಿ ಹಿಡಿದು, ಪಂಚೆ ಎತ್ತಿ, ಕೂಳೆಯ ಮೇಲೆ ಬರಿಗಾಲಲ್ಲಿ ಓಡಿ ಸುಳಿಯ ಹೊಟ್ಟೆಯೊಳಗೇ ನುಗ್ಗುತ್ತಿದ್ದರು. ಹೊರಬಂದಾಗ ಕನ್ನಡಕ, ಮೀಸೆ ಎಲ್ಲ ಮಣ್ಣು. ಉಗಿದು, ಥರ್ಮಾಮೀಟರು ನೋಡಿ, 'ಎಡ' ಅಥವಾ 'ಬಲ' ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಸುಳಿಗಾಳಿ ಒಂದೇ ದಿಕ್ಕಿಗೆ ಸುತ್ತುತ್ತದೋ, ಎರಡೂ ದಿಕ್ಕಿಗೋ ಎಂಬುದು ಅವರ ದೊಡ್ಡ ಪ್ರಶ್ನೆ. ಎರಡು ಬೇಸಿಗೆ ಓಡಿ ಅವರು ಕಂಡುಕೊಂಡದ್ದೆಂದರೆ, ಅದಕ್ಕೆ ಎಡಬಲದ ಭೇದವಿಲ್ಲ, ಹುಟ್ಟುವಾಗ ಸಿಕ್ಕ ತಿರುವೇ ಅದರ ತಿರುವು ಎಂಬುದು.

ಮೂರನೆಯ ಬೇಸಿಗೆಗೆ ಅವರಿಗೆ ಪೆಟ್ಟಿಗೆ ಸಣ್ಣದಾಯಿತು. ಗದ್ದೆಯಲ್ಲೇ ದೊಡ್ಡ ಸುಳಿ ಎಬ್ಬಿಸಬೇಕು ಎಂದರು. ನಮ್ಮ ಕಡೆ ಬೇಸಿಗೆಯಲ್ಲಿ ಸುಡುಮಣ್ಣು ಮಾಡುತ್ತಾರೆ. ತರಗೆಲೆ, ಸೊಪ್ಪು, ಒಣ ಸಗಣಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಉರಿ ಏಳದೆ ಒಳಗೊಳಗೇ ದಿನಗಟ್ಟಲೆ ಬೇಯುತ್ತದೆ. ಮಳೆಗಾಲಕ್ಕೆ ಅದೇ ಗದ್ದೆಗೆ ಗೊಬ್ಬರ. ಆ ಬೈಲಿನಲ್ಲಿ ಸುಡುಮಣ್ಣಿಗೆ ಅಕ್ಕಣಿ ಎಂಬವಳು ಹೆಸರುವಾಸಿ. ಗಂಡ ಸತ್ತವಳು. ಒಡೆಯರೊಬ್ಬರ ಜಾಗದಲ್ಲಿ ತೆಂಗಿನ ಮಡಲು ಹೊದೆಸಿದ ಗುಡಿಸಲು ಕಟ್ಟಿಕೊಂಡಿದ್ದಳು. ಅವಳು ಹಾಕಿದ ರಾಶಿಯಿಂದ ಒಂದು ಕಿಡಿ ಹಾರಿದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೇ ಎಲ್ಲ ಮನೆಯವರೂ ಅವಳನ್ನೇ ಕರೆಯುತ್ತಿದ್ದರು.

ಮಾಸ್ಟ್ರು ಅವಳಿಗೆ ಹೇಳಿ ಗದ್ದೆಯ ನಡುವೆ ದೊಡ್ಡ ರಾಶಿ ಹಾಕಿಸಿದರು. ಸುತ್ತ ಓರೆಯಾಗಿ ನಿಲ್ಲಿಸಲು ಹೆಣೆದ ಮಡಲು ಬೇಕಾಯಿತು. ಮಳೆಗೆ ಮೊದಲು ತನ್ನ ಗುಡಿಸಲಿನ ಮಾಡಿಗೆ ಹೊದೆಸಲೆಂದು ಹೆಣೆದಿಟ್ಟದ್ದನ್ನೇ ಅವಳು ಹೊತ್ತು ತಂದಳು. ಪೆಟ್ಟಿಗೆಯ ಗಾಜುಗಳ ಅಳತೆಯನ್ನು ಎರಡುಪಟ್ಟು ಮಾಡಿ ನಕ್ಷೆ ಬರೆದವನು ನಾನು. ನೆಲದಲ್ಲಿ ಗೂಟ ಹೊಡೆದವನೂ ನಾನು. ಅಕ್ಕಣಿ ಬುಟ್ಟಿಯಲ್ಲಿ ಮಣ್ಣು ತಂದು ರಾಶಿಯ ಮೇಲೆ ಸುರಿಯಲು ಹೊರಟಾಗ ಮಾಸ್ಟ್ರು ತಡೆದರು.

"ಮಣ್ಣ್ ಹಾಕ್ಬೇಡ. ಮಣ್ಣ್ ಹಾಕಿರೆ ಹೊಗೆ ಬತ್ತ್, ಬಿಸಿ ಬತ್ತಿಲ್ಲೆ."

"ಮಣ್ಣ್ ಮುಚ್ದೆ ಯಾರಾರೂ ಸುಡ್ತ್ರಾ ಮಾಸ್ಟ್ರೆ? ಕಿಡಿ ಹಾರುದಿಲ್ಯಾ?"

"ನೀ ಸುಡುಕ್ ಬಂದದ್ದಾ, ನಂಗ್ ಪಾಠ ಹೇಳುಕ್ ಬಂದದ್ದಾ?"

ಅವಳು ನನ್ನ ಮುಖ ನೋಡಿದಳು. ನಾನು ಪೆನ್ಸಿಲು ಕೆತ್ತುತ್ತಿದ್ದೆ. ಅವಳು ಬುಟ್ಟಿ ಕೆಳಗಿಟ್ಟು ಬೆಂಕಿ ಕೊಟ್ಟಳು.

ಸುಳಿ ಎದ್ದಿತು. ಅದನ್ನು ಅಲ್ಲಗಳೆಯಲಾರೆ. ಉರಿ ಮೊದಲು ಅಡ್ಡಾದಿಡ್ಡಿ ಹೊಯ್ದಾಡಿ, ಆಮೇಲೆ ಒಟ್ಟುಗೂಡಿ ಒಂದೇ ಕಂಬವಾಗಿ ತಿರುಗುತ್ತಾ ಮೇಲೆ ಹೋಯಿತು. ಉರಿಯುವ ಎಲೆಗಳು ಅದರೊಳಗೆ ಸುತ್ತು ಹಾಕುತ್ತಾ ಏರುತ್ತಿದ್ದವು. ಮಾಸ್ಟ್ರು ಗಡಿಯಾರ ಹಿಡಿದು ನಿಂತಿದ್ದರು. ಆಗ ಪಡುವಣದಿಂದ ಗಾಳಿ ಬೀಸಿತು. ಕಡಲಗಾಳಿ ಆ ದಿನ ಹೊತ್ತಿಗೆ ಮೊದಲೇ ಬಂದುಬಿಟ್ಟಿತ್ತು. ಅವರ ಪೆಟ್ಟಿಗೆಯೊಳಗೆ ಎಲ್ಲವೂ ಇತ್ತು, ಕಡಲು ಇರಲಿಲ್ಲ. ಕಂಬ ಮೂಡಣಕ್ಕೆ ವಾಲಿತು. ಓರೆಗೆ ನಿಂತ ಮಡಲಿಗೆ ಬೆಂಕಿ ಹತ್ತಿತು. ಉರಿಯುವ ಎಲೆಗಳೆಲ್ಲ ಹಾರಿ ಹೋಗಿ ಗದ್ದೆಯ ಮೂಡಣ ಅಂಚಿನಲ್ಲಿದ್ದ ಅಕ್ಕಣಿಯ ಮಾಡಿನ ಮೇಲೆ ಬಿದ್ದವು.

ಒಣಗಿದ ಮಡಲಿನ ಮಾಡು ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಅವಳು ಬೊಬ್ಬೆ ಹಾಕಿಕೊಂಡು ಓಡಿದಳು. ನಾನೂ ಓಡಲು ಹೊರಟೆ. ಹಿಂದಿನಿಂದ ಮಾಸ್ಟ್ರು ಕೂಗಿದರು: "ಹ್ವಾಯ್! ಎಡಕ್ಕಾ, ಬಲಕ್ಕಾ? ವಾಲುವತ್ತಿಗೆ ಎತ್ಲಾಗ್ ತಿರ್ಗ್ತಿದ್ದಿತ್? ಹೇಳಿ ಹೋಯ್ನಿ!"

ನಾನು ನಿಂತೆ. ನಿಂತು, ನೆನಪು ಮಾಡಿಕೊಂಡು, "ಎಡಕ್ಕೆ" ಎಂದೆ. ಅವರು ಬರೆದುಕೊಂಡರು. ಆಮೇಲೆ ನಾವಿಬ್ಬರೂ ನೀರಿಗೆ ಓಡಿದೆವು. ಮಳೆಗಾಲಕ್ಕೆಂದು ಅವಳು ಬೈಹುಲ್ಲಿನಲ್ಲಿ ಕಟ್ಟಿಸಿಟ್ಟ ಒಂದು ಮುಡಿ ಅಕ್ಕಿ, ಬುಟ್ಟಿಯಡಿ ಮೊಟ್ಟೆಗೆ ಕೂತಿದ್ದ ಕೋಳಿ, ಎರಡು ಸೀರೆ, ಎಲ್ಲ ಹೋಯಿತು. ಪಕ್ಕದ ಮನೆಯವರ ಹುಲ್ಲುಕುತ್ತರಿಯೂ ಹೋಯಿತು.

ಮೂರು ದಿನ ಬಿಟ್ಟು ಪಟೇಲರ ಚಾವಡಿಯಲ್ಲಿ ಪಂಚಾಯ್ತಿ ಎಂದಾಯಿತು. ಅಕ್ಕಣಿ ಮಣ್ಣು ಮುಚ್ಚದೆ ಬೆಂಕಿ ಕೊಟ್ಟದ್ದೆಂದು ಸಾಬೀತಾದರೆ ಒಡೆಯರು ಅವಳಿಗೆ ಆ ಜಾಗದಲ್ಲಿ ಮತ್ತೆ ಗುಡಿಸಲು ಕಟ್ಟಲು ಬಿಡುವುದಿಲ್ಲ, ಬೇರೆಯವರು ಸುಡುಮಣ್ಣಿಗೆ ಕರೆಯುವುದೂ ಇಲ್ಲ. ಮಾಸ್ಟ್ರು ಹೇಳಿ ಮಾಡಿಸಿದ್ದೆಂದಾದರೆ ಅವಳಿಗೆ ಜಾಗ ಉಳಿಯುತ್ತದೆ, ಮಾಡಿಗೆ ಬಿದಿರು ಮಡಲು ಸಿಗುತ್ತದೆ. ಹಿಂದಿನ ಸಂಜೆ ನಾನು ಮಾಸ್ಟ್ರ ಕೋಣೆಗೆ ಹೋದಾಗ ಅವರು ಪೆಟ್ಟಿಗೆಯ ಮುಂದೆ ಕೂತಿದ್ದರು. ಒಳಗೆ, ಬೈಹುಲ್ಲಿನಿಂದ ಕಟ್ಟಿದ ಗೇಣುದ್ದದ ಒಂದು ಗುಡಿಸಲು. ಸಣ್ಣ ಕೆಂಡದ ರಾಶಿಯನ್ನು ಒಮ್ಮೆ ತೆರೆದಿಟ್ಟು, ಒಮ್ಮೆ ಮಣ್ಣು ಮುಚ್ಚಿ, ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಿದ್ದರು. ತೆರೆದಿಟ್ಟಾಗಲೆಲ್ಲ ಕಿಡಿ ಎದ್ದು ಹುಲ್ಲಿಗೆ ಹತ್ತುತ್ತಿತ್ತು. ಮಣ್ಣು ಮುಚ್ಚಿದಾಗ ಒಮ್ಮೆಯೂ ಇಲ್ಲ.

"ಅವ್ಳ್ ಹೇಳಿದ್ದೇ ಸಮ" ಎಂದು ಪುಸ್ತಕದಲ್ಲಿ ಬರೆದುಕೊಂಡರು. ಧ್ವನಿಯಲ್ಲಿ ಪಶ್ಚಾತ್ತಾಪವೇನೂ ಕೇಳಿಸಲಿಲ್ಲ. ಥರ್ಮಾಮೀಟರಿನಲ್ಲಿ ಓದಿ ಹೇಳಿದ ಹಾಗೆ ಹೇಳಿದರು.

ಮಾರನೆಯ ದಿನ ಚಾವಡಿಯ ತುಂಬ ಜನ. ಪಟೇಲರಿಗೂ ಮಾಸ್ಟ್ರ ನಾಲಗೆಯ ಭಯ. ಅವರ ಕಡೆ ನೋಡಲೂ ಇಲ್ಲ. ಅಕ್ಕಣಿ ಅಂಗಳದಲ್ಲಿ ನಿಂತು, "ಮಣ್ಣ್ ಹಾಕ್ಬೇಡ ಅಂದದ್ ಮಾಸ್ಟ್ರೇ. ಈ ಪಟ ಬರೂ ಮಾಸ್ಟ್ರ್ ಅಲ್ಲೇ ಇದ್ದಿರ್, ಅವ್ರನ್ನೇ ಕೇಣಿ ಒಡೇರೆ. ಅವ್ರ್ ಪಾಪದವ್ರ್, ಸುಳ್ಳ್ ಹೇಳುದಿಲ್ಲೆ" ಎಂದಳು.

ಪಟೇಲರು ನನ್ನತ್ತ ತಿರುಗಿದರು. "ಎಂತ ಮಾಸ್ಟ್ರೆ, ಇವ್ಳ್ ಮಣ್ಣ್ ಮುಚ್ಚಿದ್ಲಾ?"

"ಇಲ್ಲೆ" ಎಂದೆ. ಅದು ನಿಜ.

"ಮುಚ್ಚುದ್ ಬ್ಯಾಡ ಅಂದ್ರಾ ಸೈನ್ಸ್ ಮಾಸ್ಟ್ರ್?"

ನಕ್ಷೆ ನನ್ನದು, ಗೂಟ ನನ್ನದು. ಮನೆ ಸುಟ್ಟ ಪ್ರಕರಣದಲ್ಲಿ ಹೆಸರು ಬಂದ ಡ್ರಾಯಿಂಗ್ ಮಾಸ್ಟ್ರನ್ನು ಇನ್ನೊಂದು ವರ್ಷಕ್ಕೆ ಯಾವ ಹೆಡ್‌ಮಾಸ್ಟ್ರು ಇಟ್ಟುಕೊಳ್ಳುತ್ತಾರೆ?

"ನಾ ಚಿತ್ರ ಬರೀತಿದ್ದೆ. ಕೇಣ್ಲಿಲ್ಲ" ಎಂದೆ.

ಪಟೇಲರು ಮಾಸ್ಟ್ರನ್ನು ಒಂದು ಮಾತೂ ಕೇಳದೆ ತೀರ್ಪು ಕೊಟ್ಟರು. ಅಕ್ಕಣಿ, ನನಗೆ ಕಿವಿ ಕೇಳುವುದಿಲ್ಲವೇನೋ ಎಂಬ ಹಾಗೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆ ವರ್ಷ ಮಳೆ ಹಿಡಿಯುವ ಮೊದಲೇ ಹಂಗಾರಕಟ್ಟೆಯಲ್ಲಿ ಮೀನು ಬುಟ್ಟಿ ಹೊರಲು ಹೋದಳೆಂದು ಕೇಳಿದೆ. ಅವಳ ಜಾಗಕ್ಕೆ ಒಡೆಯರು ಬೇಲಿ ಹಾಕಿಸಿದರು. ನನಗೆ ಇನ್ನೊಂದು ವರ್ಷ ಸಿಕ್ಕಿತು, ಆಮೇಲೆ ಖಾಯಮ್ಮೂ ಆಯಿತು.

ಇಷ್ಟರಲ್ಲೇ ಮುಗಿದಿದ್ದರೆ ಸಂಚಿಕೆಯವರು ಕೇಳಿದಾಗ ಆ ಮನುಷ್ಯನನ್ನು ಕ್ರೂರಿ, ಹೆಂಗಸಿನ ಬಾಳು ಸುಟ್ಟವನು ಎಂದು ಬರೆದು ಕಳಿಸಿ ನಾನು ನಿಶ್ಚಿಂತೆಯಿಂದ ಮಲಗಬಹುದಿತ್ತು. ಆದರೆ ಪಂಚಾಯ್ತಿ ಮುಗಿಸಿ ನಾವಿಬ್ಬರೇ ಬೈಲು ದಾಟಿ ಬರುತ್ತಿದ್ದಾಗ ಅವರು ಹೇಳಿದರು:

"ಪಟೇಲ್ರ್ ನನ್ನ ಕೇಂಡಿದ್ರೆ ಹೇಳ್ತಿದ್ದೆ. ಪುಸ್ತಕವೂ ತಂದಿದ್ದೆ, ಕಾಣಿ" ಎಂದು ಕೋಟಿನ ಒಳಗಿನಿಂದ ತೆಗೆದು ತೋರಿಸಿದರು. "ಅವ್ರ್ ನಿಮ್ಮನ್ ಕೇಂಡ್ರ್. ನೀವ್ ಕೇಣ್ಲಿಲ್ಲ ಅಂದ್ರಿ. ಮತ್ತೆ ನನ್ನ ಯಾರೂ ಕೇಣ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಕೇಣ್ದಿದ್ರೆ ಎಂತ? ನಿಮ್ಗೆ ಬಾಯಿಲ್ಯಾ? ಎದ್ದ್ ಹೇಳುಕ್ ಆತಿರ್ಲಿಲ್ಯಾ?"

"ಹೇಳುಕ್ ಆತಿದ್ದಿತ್. ಹೇಳಿರೆ ಅಷ್ಟ್ ಜನರ್ ಎದ್ರ್ ನೀವ್ ಸುಳ್ಳ ಆತಿದ್ರಿ. ನಿಮ್ಮ ಕೆಲ್ಸವೂ ಹೋತಿದ್ದಿತ್." ಅವರು ಕೊಡೆಯನ್ನು ನೆಲಕ್ಕೆ ಊರಿ ನಿಂತರು. "ಈಗ್ಲೂ ಹೊತ್ತ್ ಮೀರ್ಲಿಲ್ಲ. ಜನ ಇನ್ನೂ ಚಾವಡಿಯಲ್ಲೇ ಇತ್ತ್. ಹೋಯ್ ಹೇಳ್ತೆ. ಹೇಳ್ಕಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಪುಸ್ತಕ ಕೈಯಲ್ಲೇ ಇತ್ತು. ಚಾವಡಿಯ ಕಡೆ ಮುಖ ಮಾಡಿ ನಿಂತು, ಕ್ಲಾಸಿನಲ್ಲಿ ಹುಡುಗರ ಉತ್ತರಕ್ಕೆ ಕಾಯುತ್ತಿದ್ದ ಹಾಗೆ, ಅವಸರವಿಲ್ಲದೆ ಕಾದರು. ದೂರದ ಅಂಗಳದಲ್ಲಿ ಅಕ್ಕಣಿ ಇನ್ನೂ ನಿಂತಿದ್ದದ್ದು ನನಗೆ ಕಾಣುತ್ತಿತ್ತು.

"ಬ್ಯಾಡ" ಎಂದೆ.

ಅವರು ಬೈಯಲಿಲ್ಲ. ಪುಸ್ತಕವನ್ನು ಕೋಟಿನ ಒಳಗಿಟ್ಟುಕೊಂಡು, ಕೊಡೆ ಬಿಚ್ಚಿ, ಬಿಸಿಲಿಗೆ ನನ್ನ ತಲೆಯ ಮೇಲೂ ಹಿಡಿದು ನಡೆದರು.